ನಡುದಾರಿಯಲ್ಲಿ ಕಾರು ನಿಂತಾಗ

ಕುವೈತಿನಲ್ಲಿರುವ ನಮ್ಮಂಥ ಕುಟುಂಬಗಳಿಗೆ ಕಾರೆಂದರೆ ಮನೆಯ ಇನ್ನೊಂದು ಕೋಣೆ ಇದ್ದ ಹಾಗೆ. ಬೆಳಗಿನ ತಿಂಡಿ ಅರ್ಧ ಮುಗಿಯುವುದು ಅದರೊಳಗೆ. ಮಗ್ಗಿ, ಪದ್ಯ ಬಾಯಿಪಾಠವಾಗುವುದೂ ಅದರೊಳಗೇ. ಓಡುತ್ತಿರುವಷ್ಟು ದಿನ ಅದರ ಯೋಗಕ್ಷೇಮವನ್ನು ಯಾರೂ ವಿಚಾರಿಸುವುದಿಲ್ಲ. ಒಂದು ದಿನ ನಡುದಾರಿಯಲ್ಲಿ ನಿಂತುಬಿಟ್ಟರೆ ಮಾತ್ರ ಕೈಕಾಲು ಆಡುವುದಿಲ್ಲ. ಕಳೆದ ವರ್ಷ ನಮಗೆ ಹಾಗೆಯೇ ಆಯಿತು. ಆಗ ನಾವು ಮಾಡಿದ ತಪ್ಪುಗಳನ್ನೂ ಆಮೇಲೆ ಕಲಿತದ್ದನ್ನೂ ವಿದ್ಯಾರ್ಥಿಗಳೊಂದಿಗೆ, ಪಾಲಕರೊಂದಿಗೆ ಹಂಚಿಕೊಳ್ಳೋಣ ಎಂದು ಈ ಲೇಖನ.

ಅಂದು ಆದದ್ದು

ಕಾರು ಎರಡು ಸಲ ನಿಂತಿತು. ಮೊದಲ ಸಲ ಆಗಸ್ಟಿನಲ್ಲಿ, ಸಾಲ್ಮಿಯಾದ ನಮ್ಮ ಮನೆಯ ಹತ್ತಿರದ ಒಂದು ಸಿಗ್ನಲ್ಲಿನ ಬಳಿ. ದೀಪ ಆರಿಸಿದ ಹಾಗೆ ಎಂಜಿನ್ ಆಫ್ ಆಯಿತು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಜೋರಾಗಿಯೇ ತಿರುಗುತ್ತಿತ್ತು, ಎಂಜಿನ್ ಮಾತ್ರ ಹತ್ತಿಕೊಳ್ಳಲಿಲ್ಲ. ಪರಿಚಯದವರು ಹೇಳಿದರೆಂದು ಫೋನ್ ಮಾಡಿ ಒಬ್ಬರನ್ನು ಕರೆಸಿದೆವು. ಅವರು ಬರಲು ಮುಕ್ಕಾಲು ಗಂಟೆ ಹಿಡಿಯಿತು. ನೋಡಿದವರೇ "ಬ್ಯಾಟರಿ ಹೋಗಿದೆ" ಎಂದು ಹೊಸದನ್ನು ಹಾಕಿದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. 24 ದಿನಾರ್ ಕೊಟ್ಟು, ಸದ್ಯ ಬದುಕಿದೆವು ಎಂದುಕೊಂಡು ಮನೆಗೆ ಬಂದೆವು.

ಎರಡನೆಯ ಸಲ ನಿಂತದ್ದು ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಫಹಾಹೀಲ್ ಎಕ್ಸ್‌ಪ್ರೆಸ್ ರಸ್ತೆಯಲ್ಲಿ. ಹಿಂದಿನ ಸೀಟಿನಲ್ಲಿ ಎಂಟನೆಯ ತರಗತಿಯ ಮಗಳು, ಯುಕೆಜಿಯ ಮಗ. ಯಾವ ಮುನ್ಸೂಚನೆಯೂ ಇಲ್ಲದೆ ಎಂಜಿನ್ ಸತ್ತಿತು, ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಾಯಿತು. ಹೇಗೋ ಬಲಗಡೆಯ ಅಂಚಿಗೆ ತಂದು ನಿಲ್ಲಿಸಿದೆವು. ಆಮೇಲೆ ನಾವು ಮಾಡಿದ್ದೆಲ್ಲವೂ ತಪ್ಪೇ. ಮಕ್ಕಳನ್ನು ಒಳಗೇ ಕೂರಿಸಿದೆವು. ನಮ್ಮಲ್ಲೊಬ್ಬರು ಬಾನೆಟ್ ಎತ್ತಿ ಕಾರಿನ ಮುಂದೆ ನಿಂತರೆ, ಇನ್ನೊಬ್ಬರು ಬಿಡದೆ ಕೀಲಿ ತಿರುಗಿಸುತ್ತಿದ್ದೆವು. ಪಕ್ಕದಲ್ಲಿ ಲಾರಿಗಳು ಹಾದುಹೋದಾಗಲೆಲ್ಲ ಕಾರು ಅಲುಗಾಡುತ್ತಿತ್ತು.

ಹಿಂದಿನಿಂದ ಬಂದ ಪೊಲೀಸ್ ಗಾಡಿಯೊಂದು ದೀಪ ಮಿನುಗಿಸುತ್ತ ನಿಂತಿತು. ಇಳಿದು ಬಂದ ಅಧಿಕಾರಿ ಕಾರಿಗೆ ಏನಾಗಿದೆ ಎಂದು ಕೇಳಲೇ ಇಲ್ಲ. ಹಿಂದಿನ ಬಾಗಿಲು ತೆರೆದು ಮಕ್ಕಳನ್ನು ಇಳಿಸಿ, ಕಬ್ಬಿಣದ ರೇಲಿಂಗ್‌ನ ಆಚೆಗೆ ಕಳಿಸಿದರು. ನಮ್ಮ ಕಡೆ ತಿರುಗಿ, ನೀವೂ ಅಲ್ಲಿಗೇ ಹೋಗಿ ಎಂದು ಕೈ ತೋರಿಸಿದರು. ಮಗನ ಅಂಗಿ ಬೆವರಿನಿಂದ ತೊಯ್ದುಹೋಗಿತ್ತು. ಅಷ್ಟು ಹೊತ್ತೂ ನಾವು ಕಾರನ್ನು ನೋಡುತ್ತಿದ್ದೆವೇ ಹೊರತು ಅವನನ್ನಲ್ಲ. ಆ ದಿನವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೊದಲು ಜನ, ಆಮೇಲೆ ಕಾರು

ಆದ್ದರಿಂದ ರಿಪೇರಿಯ ಮಾತಿಗಿಂತ ಮೊದಲು ಈ ಮಾತು. ಓಡುತ್ತಿರುವಾಗಲೇ ಎಂಜಿನ್ ನಿಂತರೆ ಗಾಬರಿಯಲ್ಲಿ ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆಯಬಾರದು. ತೆಗೆದರೆ ಸ್ಟಿಯರಿಂಗ್ ಲಾಕ್ ಆಗುತ್ತದೆ. ಸ್ಟಿಯರಿಂಗ್ ಬಿಗಿಯಾದರೂ ಬಲ ಹಾಕಿದರೆ ತಿರುಗುತ್ತದೆ. ಬ್ರೇಕಿಗೆ ಎಂಜಿನ್ನಿನಿಂದ ಸಿಗುವ ಸಹಾಯ ಒಂದೆರಡು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಹಾಗಾಗಿ ಬ್ರೇಕನ್ನು ಮತ್ತೆ ಮತ್ತೆ ಒತ್ತಿ ಬಿಡದೆ, ಒಂದೇ ಸಮನೆ ಗಟ್ಟಿಯಾಗಿ ಒತ್ತಬೇಕು. ಹಜಾರ್ಡ್ ದೀಪ ಹಾಕಿ, ಇರುವ ವೇಗದಲ್ಲೇ ಬಲಗಡೆಯ ಅಂಚಿಗೆ ಜಾರಿಸಿಕೊಳ್ಳಬೇಕು.

ನಿಂತ ಮೇಲೆ ಎಲ್ಲರೂ ರಸ್ತೆಯ ಕಡೆಯದಲ್ಲದ ಬಾಗಿಲಿನಿಂದ ಇಳಿದು, ರೇಲಿಂಗ್‌ನ ಆಚೆ, ಕಾರಿನಿಂದ ದೂರ ನಿಲ್ಲಬೇಕು. ಕಾರಿನ ಮುಂದೆ ನಿಲ್ಲಲೇಬಾರದು. ಹಿಂದಿನಿಂದ ಯಾರಾದರೂ ಗುದ್ದಿದರೆ ನಮ್ಮ ಕಾರೇ ನಮ್ಮ ಮೇಲೆ ಬರುತ್ತದೆ. ಅಂಚಿಗೆ ಬರಲಾಗದೆ ನಡುಸಾಲಿನಲ್ಲೇ ಸಿಕ್ಕಿಕೊಂಡು, ಇಳಿಯುವುದೇ ಅಪಾಯವೆಂದಾದರೆ ಬೆಲ್ಟ್ ಹಾಕಿಕೊಂಡೇ ಕುಳಿತು 112ಕ್ಕೆ ಫೋನ್ ಮಾಡಬೇಕು. ಕುವೈತಿನಲ್ಲಿ ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಅದೊಂದೇ ಸಂಖ್ಯೆ. ಮಕ್ಕಳೇ, ಇದನ್ನು ನೀವೂ ಬಾಯಿಪಾಠ ಮಾಡಿಟ್ಟುಕೊಳ್ಳಿ.

ಬಿಸಿಲಿನ ವಿಷಯವನ್ನು ಈ ಊರಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ದಾಖಲಾದ ಉಷ್ಣಾಂಶ 53.9 ಡಿಗ್ರಿ ಸೆಲ್ಸಿಯಸ್. ಎಂಜಿನ್ ನಿಂತರೆ ಏಸಿಯೂ ನಿಲ್ಲುತ್ತದೆ. ಬಿಸಿಲಿಗೆ ನಿಂತ ಕಾರಿನ ಒಳಗಿನ ಉಷ್ಣಾಂಶ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರಬಲ್ಲದು. ಹೊರಗೆ ಬಿಸಿಲು ಎಂದು ಮಕ್ಕಳನ್ನು ಒಳಗೆ ಬಿಡುವುದು ದೊಡ್ಡ ತಪ್ಪು. ಎರಡು ಕೊಡೆ, ಒಂದು ಬೆಡ್‌ಶೀಟ್, ನಾಲ್ಕೈದು ಬಾಟಲಿ ನೀರು ಡಿಕ್ಕಿಯಲ್ಲಿ ಸದಾ ಇದ್ದರೆ ರೇಲಿಂಗ್‌ನ ಆಚೆಯೂ ನೆರಳು ಮಾಡಿಕೊಳ್ಳಬಹುದು.

ಎಂಜಿನ್ನಿಗೆ ಏನೇನು ಬೇಕು?

ಈಗ ಕಾರಿನ ಕಡೆಗೆ ಬರೋಣ. ಪೆಟ್ರೋಲ್ ಎಂಜಿನ್ನಿಗೆ ಬೇಕಾದದ್ದು ಗಾಳಿ, ಪೆಟ್ರೋಲು, ಕಿಡಿ. ಇವು ಮೂರೂ ಸರಿಯಾದ ಕ್ಷಣಕ್ಕೆ ಒಂದೆಡೆ ಸೇರಬೇಕು, ಸಿಲಿಂಡರಿನೊಳಗೆ ಚೆನ್ನಾಗಿ ಒತ್ತಲ್ಪಟ್ಟಿರಬೇಕು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಸುತ್ತಿಗೊಂದು ಕಿಡಿಯಂತೆ ಸೆಕೆಂಡಿಗೆ 25 ಕಿಡಿ, ನಾಲ್ಕು ಸಿಲಿಂಡರಿಗೆ 100 ಕಿಡಿ. ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ ಇಷ್ಟು ಕೆಲಸ ನಡೆದುಹೋಗಿರುತ್ತದೆ.

ಎಂಜಿನ್ ತಾನಾಗಿ ಮೊದಲ ಸುತ್ತು ತಿರುಗಲಾರದು, ಯಾರಾದರೂ ತಿರುಗಿಸಿಕೊಡಬೇಕು. ಪುತ್ತೂರಿನಲ್ಲಿ ಅಜ್ಜ ತಮ್ಮ ಹಳೆಯ ಜೀಪಿನ ಮುಂದೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುಗಿಸುತ್ತಿದ್ದುದು ನಮಗೆ ನೆನಪಿದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಆ ತೋಳಿನ ಕೆಲಸ ಒಂದು ಮೋಟಾರಿಗೆ ಹೋಯಿತು. ಈ ಮೋಟಾರಿಗೆ ಬೇಕಾದ ನೂರಾರು ಆಂಪಿಯರ್ ಕೊಡುವುದು ಬ್ಯಾಟರಿ. ಎಂಜಿನ್ ಒಮ್ಮೆ ಹತ್ತಿಕೊಂಡ ಮೇಲೆ ಕಾರಿಗೆ ವಿದ್ಯುತ್ತು ಕೊಡುವುದು ಆಲ್ಟರ್ನೇಟರ್. ಅದೇ ಬ್ಯಾಟರಿಯನ್ನೂ ತುಂಬಿಸುತ್ತದೆ.

ಈ ಕೊನೆಯ ಮಾತನ್ನು ಗಮನಿಸಿ. ಚೆನ್ನಾಗಿ ಓಡುತ್ತಿದ್ದ ಕಾರು ಥಟ್ಟನೆ ನಿಂತರೆ ಅದಕ್ಕೆ ಹಳೆಯ ಬ್ಯಾಟರಿ ಕಾರಣವಾಗಿರುವುದು ಅಪರೂಪ. ಬ್ಯಾಟರಿಯ ತಂತಿ ಸಡಿಲವಾಗಿದ್ದರೆ ಬೇರೆ ಮಾತು. ಈ ಒಂದು ವಿಷಯ ಗೊತ್ತಿದ್ದಿದ್ದರೆ ಆಗಸ್ಟಿನಲ್ಲಿ ನಮ್ಮ 24 ದಿನಾರ್ ಉಳಿಯುತ್ತಿತ್ತು.

ಕಾರನ್ನೇ ಕೇಳಿ

ಡಾಕ್ಟರು ಮಾತ್ರೆ ಬರೆಯುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತಾರಲ್ಲವೇ? ಕಾರಿಗೂ ಎರಡು ಪ್ರಶ್ನೆ ಕೇಳಬೇಕು.

ಮೊದಲನೆಯದು: ನಿಂತದ್ದು ಹೇಗೆ? ಕೆಮ್ಮಿದಂತೆ, ಜಗ್ಗಿದಂತೆ ಮಾಡಿ ನಿಧಾನವಾಗಿ ನಿಂತಿದ್ದರೆ ಹೆಚ್ಚಾಗಿ ಪೆಟ್ರೋಲಿನ ತೊಂದರೆ. ಟ್ಯಾಂಕ್ ಬರಿದಾಗಿರಬಹುದು, ಪಂಪ್ ಸೋತಿರಬಹುದು, ಫಿಲ್ಟರ್ ಕಟ್ಟಿರಬಹುದು. ಕೆಂಪು ಬ್ಯಾಟರಿ ದೀಪ ಹತ್ತಿ, ಉಳಿದ ದೀಪಗಳು ಮಂಕಾಗುತ್ತ ಬಂದು ನಿಂತಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟು. ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿ ಆವಿ ಬಂದಿದ್ದರೆ ಎಂಜಿನ್ ಕಾದಿದೆ. ಆಗ ರೇಡಿಯೇಟರಿನ ಮುಚ್ಚಳವನ್ನು ಮುಟ್ಟಲೇಬಾರದು. ಪ್ರೆಷರ್ ಕುಕ್ಕರಿನಂತೆ ಒತ್ತಡದಲ್ಲಿರುವ ಆ ನೀರು 100 ಡಿಗ್ರಿ ದಾಟಿದ್ದರೂ ಕುದಿಯದೆ ಕಾದಿರುತ್ತದೆ. ಮುಚ್ಚಳ ತೆರೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ಸ್ವಿಚ್ ಆರಿಸಿದಂತೆ ಒಂದೇ ಏಟಿಗೆ ನಿಂತಿದ್ದರೆ ಮೊದಲು ಸಂಶಯಪಡಬೇಕಾದದ್ದು ವಿದ್ಯುತ್ತಿನ ಕಡೆ: ಫ್ಯೂಸು, ರಿಲೇ, ತಂತಿ ಅಥವಾ ಸೆನ್ಸರ್.

ಎರಡನೆಯ ಪ್ರಶ್ನೆ: ಈಗ ಕೀಲಿ ತಿರುಗಿಸಿದರೆ ಕೇಳುವ ಸದ್ದು ಯಾವುದು?

ಸದ್ದೇ ಇಲ್ಲದಿದ್ದರೆ, ಅಥವಾ "ಟಿಕ್" ಎಂದಷ್ಟೇ ಕೇಳಿದರೆ, ಗೇರು ಪಾರ್ಕಿನಲ್ಲೋ ನ್ಯೂಟ್ರಲ್ಲಿನಲ್ಲೋ ಇದೆಯೇ ನೋಡಿ. ಆಟೋಮ್ಯಾಟಿಕ್ ಕಾರು ಬೇರೆ ಗೇರಿನಲ್ಲಿ ಸ್ಟಾರ್ಟ್ ಆಗುವುದಿಲ್ಲ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಬ್ರೇಕ್ ತುಳಿದೇ ಒತ್ತಬೇಕು. ಕೀಲಿಯೊಳಗಿನ ಪುಟ್ಟ ಸೆಲ್ ಮುಗಿದಿದ್ದರೂ ಹೀಗಾಗುತ್ತದೆ. ಅನೇಕ ಕಾರುಗಳಲ್ಲಿ ಕೀಲಿಯನ್ನೇ ಬಟನ್ನಿಗೆ ತಾಗಿಸಿ ಒತ್ತಿದರೆ ಕೆಲಸ ನಡೆಯುತ್ತದೆ. ಒಳಗಿನ ದೀಪ ಹಾಕಿ ನೋಡಿ: ಕೀಲಿ ತಿರುಗಿಸಿದಾಗ ಅದು ಆರುವಷ್ಟು ಮಂಕಾದರೆ ಬ್ಯಾಟರಿ ಬರಿದಾಗಿದೆ ಅಥವಾ ತಂತಿ ಸಡಿಲವಾಗಿದೆ. ದೀಪ ಪ್ರಕಾಶಮಾನವಾಗಿಯೇ ಇದ್ದು ಬರೀ ಟಿಕ್ ಎಂದರೆ ಸ್ಟಾರ್ಟರನ್ನು ಸಂಶಯಪಡಬೇಕು.

"ಗುರ್... ಗುರ್..." ಎಂದು ನಿದ್ದೆಗಣ್ಣಿನಲ್ಲಿ ತಿರುಗಿದರೆ ಬ್ಯಾಟರಿ ಸೋತಿದೆ.

ಸ್ಟಾರ್ಟರ್ ಚುರುಕಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಬ್ಯಾಟರಿಯನ್ನು ದೂರಬೇಡಿ. ಅದು ತನ್ನ ಕೆಲಸ ಮಾಡಿದೆ. ಇಲ್ಲವಾಗಿರುವುದು ಪೆಟ್ರೋಲೋ ಕಿಡಿಯೋ ಇರಬೇಕು. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರ ಮಿನುಗುತ್ತಿದ್ದರೆ ಕಾರು ಕೀಲಿಯನ್ನು ಗುರುತಿಸುತ್ತಿಲ್ಲ, ಇನ್ನೊಂದು ಕೀಲಿಯಿಂದ ಪ್ರಯತ್ನಿಸಬಹುದು. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ಆನ್ ಮಾಡಿ ಕಿವಿಗೊಟ್ಟರೆ ಬಹಳಷ್ಟು ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗಿನಿಂದ ಒಂದೆರಡು ಸೆಕೆಂಡು "ಝುಂ" ಎಂಬ ಸಣ್ಣ ಸದ್ದು ಬರುತ್ತದೆ. ಅದು ಟ್ಯಾಂಕಿನೊಳಗಿನ ಪಂಪಿನದು. ಎಂದೂ ಕೇಳುತ್ತಿದ್ದ ಆ ಸದ್ದು ಇಂದು ಇಲ್ಲವೆಂದರೆ ಪಂಪ್, ಅದರ ಫ್ಯೂಸ್ ಅಥವಾ ರಿಲೇ ನೋಡಿಸಬೇಕು.

ಇನ್ನೊಂದು ಸದ್ದಿದೆ. ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದಂತೆ "ಝರ್" ಎಂದು ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಆಗ ಮತ್ತೊಮ್ಮೆ ಕೀಲಿ ತಿರುಗಿಸಬಾರದು. ಎಂಜಿನ್ನಿನೊಳಗೆ ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿಯಾಗಿ ನಷ್ಟ ಬೆಳೆಯುತ್ತದೆ.

ಯಾವ ಸದ್ದೇ ಇರಲಿ, ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಕೀಲಿ ಹಿಡಿಯಬೇಡಿ. ಎರಡು ಪ್ರಯತ್ನಗಳ ನಡುವೆ ಒಂದು ನಿಮಿಷ ಬಿಡಿ. ಮೂರು ಸಲಕ್ಕೆ ಆಗದಿದ್ದರೆ ನಿಲ್ಲಿಸಿ. ನಾವು ಆ ಮಧ್ಯಾಹ್ನ ಮಾಡಿದಂತೆ ಬಿಡದೆ ತಿರುಗಿಸಿದರೆ ಒಳ್ಳೆಯ ಬ್ಯಾಟರಿಯೂ ಬರಿದಾಗುತ್ತದೆ, ಸ್ಟಾರ್ಟರ್ ಕಾದು ಕೆಡುತ್ತದೆ.

ಮಗಳು ನೋಡಿದ ಮುಳ್ಳು

ರೇಲಿಂಗ್‌ನ ಆಚೆ ವಿಂಚ್ ಗಾಡಿಗಾಗಿ ಕಾಯುತ್ತಿದ್ದಾಗ ಮಗಳು ಹೇಳಿದಳು: "ಅಪ್ಪಾ, ನೀವು ಕೀಲಿ ತಿರುಗಿಸುವಾಗ ಆ ಆರ್‌ಪಿಎಂ ಮುಳ್ಳು ಅಲುಗಲೇ ಇಲ್ಲ. ದಿನಾ ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಸ್ವಲ್ಪ ಏಳುತ್ತದೆ, ನಾನು ನೋಡಿದ್ದೇನೆ."

ನಾವು ಅಷ್ಟಾಗಿ ಗಮನ ಕೊಡಲಿಲ್ಲ. ಶುವೈಖ್ ಇಂಡಸ್ಟ್ರಿಯಲ್ ಪ್ರದೇಶದ ಗ್ಯಾರೇಜಿಗೆ ಕಾರು ತಲುಪಿತು. ವಯಸ್ಸಾದ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು ಕೇಳಿದ್ದು ಎರಡೇ ಪ್ರಶ್ನೆ: ಹೇಗೆ ನಿಂತಿತು, ಆಮೇಲೆ ಏನೇನು ಕಂಡಿತು? ನಾವು ತಡವರಿಸುತ್ತಿದ್ದಾಗ ಮಗಳು ಮುಳ್ಳಿನ ವಿಷಯ ಹೇಳಿದಳು. ಅವರು ನಕ್ಕು, "ಅರ್ಧ ಕೆಲಸ ಈ ಹುಡುಗಿಯೇ ಮಾಡಿದ್ದಾಳೆ" ಎಂದರು.

ಎಂಜಿನ್ನಿನ ಮುಖ್ಯ ದಂಡಕ್ಕೆ ಕ್ರ್ಯಾಂಕ್‌ಶಾಫ್ಟ್ ಎಂದು ಹೆಸರು. ಅದರೊಂದಿಗೆ ಹಲ್ಲುಗಳಿರುವ ಒಂದು ಚಕ್ರ ತಿರುಗುತ್ತದೆ. ಪಕ್ಕದಲ್ಲಿ ಬೆರಳಿನಷ್ಟು ಉದ್ದದ ಒಂದು ಸೆನ್ಸರ್. ನಮ್ಮದು ಸ್ವಲ್ಪ ಹಳೆಯ ಮಾದರಿಯ ಕಾರು, ಅದರ ಸೆನ್ಸರಿನೊಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸುರುಳಿ. ಪ್ರತಿ ಹಲ್ಲು ಹಾದುಹೋದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗಿ ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ದೊಡ್ಡ ತರಗತಿಯ ವಿಜ್ಞಾನದಲ್ಲಿ ನೀವು ಓದುವ ಅದೇ ಪಾಠ ದಿನವೂ ನಿಮ್ಮನ್ನು ಶಾಲೆಗೆ ಕರೆತರುತ್ತಿದೆ! ಈ ಮಿಡಿತಗಳನ್ನು ಎಣಿಸಿಯೇ ಕಾರಿನ ಕಂಪ್ಯೂಟರು ಪೆಟ್ರೋಲು ಯಾವಾಗ, ಕಿಡಿ ಯಾವಾಗ ಎಂದು ನಿರ್ಧರಿಸುತ್ತದೆ. ಮಿಡಿತ ಬರದಿದ್ದರೆ ಎಂಜಿನ್ ತಿರುಗುತ್ತಲೇ ಇಲ್ಲ ಎಂದು ಅದು ತಿಳಿಯುತ್ತದೆ, ಎರಡನ್ನೂ ನಿಲ್ಲಿಸುತ್ತದೆ. ಅನೇಕ ಕಾರುಗಳಲ್ಲಿ ಆರ್‌ಪಿಎಂ ಮುಳ್ಳಿಗೂ ಲೆಕ್ಕ ಸಿಗುವುದು ಇದೇ ಮಿಡಿತದಿಂದ. ಮುಳ್ಳು ಅಲುಗದೆ ಇದ್ದುದಕ್ಕೆ ಅದೇ ಕಾರಣ.

ಮೆಕ್ಯಾನಿಕ್ ಸೆನ್ಸರನ್ನು ಬಿಚ್ಚಿ, ತಂತಿಯ ತಡೆಯನ್ನು ಅಳೆಯುವ ಮೀಟರಿಗೆ ಜೋಡಿಸಿದರು. ತಣ್ಣಗಿದ್ದಾಗ ಮೀಟರು ಸರಿಯಾದ ಅಂಕಿಯನ್ನೇ ತೋರಿಸಿತು. ಬಿಸಿಗಾಳಿಯ ಗನ್ನಿನಿಂದ ಅದನ್ನು ನಿಧಾನವಾಗಿ ಕಾಯಿಸಿದರು. ಅಂಕಿ ಏರುತ್ತ ಏರುತ್ತ ಇದ್ದಕ್ಕಿದ್ದಂತೆ ಮಾಯವಾಯಿತು. ಒಳಗಿನ ತಂತಿಯಲ್ಲಿ ಎಲ್ಲೋ ಒಂದು ಕಡೆ ಬಿರುಕಿತ್ತು. ತಣ್ಣಗಿರುವಾಗ ತುದಿಗಳು ತಾಗಿಕೊಂಡಿರುತ್ತಿದ್ದವು, ಬಿಸಿಗೆ ಹಿಗ್ಗಿದಾಗ ಬೇರೆಯಾಗುತ್ತಿದ್ದವು. ಹೊಸ ಸೆನ್ಸರಿಗೆ ಆದ ಖರ್ಚು 11 ದಿನಾರ್.

ಆಗ ನಮಗೆ ಆಗಸ್ಟಿನ ಗುಟ್ಟು ಹೊಳೆಯಿತು. ಅಂದು ಕಾರು ಸ್ಟಾರ್ಟ್ ಆದದ್ದು ಹೊಸ ಬ್ಯಾಟರಿಯಿಂದಲ್ಲ. ಬ್ಯಾಟರಿಯವರು ಬರಲು ಹಿಡಿದ ಮುಕ್ಕಾಲು ಗಂಟೆಯಲ್ಲಿ ಸೆನ್ಸರ್ ತಣ್ಣಗಾಗಿತ್ತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿತ್ತು. ಕಾಗೆಯೇ ಟೊಂಗೆ ಮುರಿಯಿತೆಂದು ನಾವು ನಂಬಿದೆವು. ಆ ನಂಬಿಕೆಯಲ್ಲೇ ಮಕ್ಕಳನ್ನು ಕೂರಿಸಿಕೊಂಡು ಎಕ್ಸ್‌ಪ್ರೆಸ್ ರಸ್ತೆಗೆ ಹೋದೆವು. ಒಂದರ ನಂತರ ಇನ್ನೊಂದು ನಡೆಯಿತು ಎಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ನಡೆಯಿತು ಎಂದಲ್ಲ. ವಿಜ್ಞಾನದ ಪ್ರಯೋಗಾಲಯದಲ್ಲಿ ನಿಮ್ಮ ಟೀಚರ್ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಎನ್ನುವುದು ಇದಕ್ಕೇ.

ಮೊದಲೇ ಮಾಡಬಹುದಾದದ್ದು

ಕೆಲವು ಅಭ್ಯಾಸಗಳಿಂದ ಇಂಥ ಸಂದರ್ಭಗಳನ್ನು ಕಡಿಮೆ ಮಾಡಬಹುದು. ಗಲ್ಫ್‌ನ ಸೆಖೆಯಲ್ಲಿ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೇ ಸೋಲುತ್ತದೆ. ಬೇಸಿಗೆಗೆ ಮೊದಲು ಮೀಟರಿನಲ್ಲಿ ನೋಡಿಸಿ: ಎಂಜಿನ್ ನಿಂತು ಕೆಲವು ಗಂಟೆಯಾದ ಮೇಲೆ 12.6 ವೋಲ್ಟ್ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ. ಎಂಜಿನ್ ಓಡುವಾಗ ಸುಮಾರು 14 ವೋಲ್ಟ್ ಇದ್ದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲು ಇಟ್ಟುಕೊಂಡು ಓಡಿಸಬೇಡಿ. ಪಂಪ್ ತಂಪಾಗುವುದೇ ಸುತ್ತಲಿನ ಪೆಟ್ರೋಲಿನಿಂದ. ಧೂಳಿನ ಬಿರುಗಾಳಿಯ ನಂತರ ಗಾಳಿಯ ಫಿಲ್ಟರನ್ನು ತೆಗೆದು ನೋಡಿ. ಟೈಮಿಂಗ್ ಬೆಲ್ಟ್ ಇರುವ ಕಾರಾದರೆ ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿಗೆ ತಪ್ಪದೆ ಬದಲಾಯಿಸಿ. ಕಾರು ಒಮ್ಮೆ ನಿಂತು ತಾನಾಗಿಯೇ ಸರಿಹೋದರೆ ಮಾತ್ರ ಸುಮ್ಮನಿರಬೇಡಿ. ಕಂಪ್ಯೂಟರಿನಲ್ಲಿ ಉಳಿದಿರುವ ದೋಷದ ಸಂಕೇತವನ್ನು ಓದಿಸಿ. ನಮ್ಮ ಕಾರಿನಲ್ಲಿ "ಪಿ 0335" ಎಂಬ ಸಂಕೇತ, ಅಂದರೆ ಕ್ರ್ಯಾಂಕ್‌ಶಾಫ್ಟ್ ಸೆನ್ಸರಿನ ದೋಷ, ಆಗಸ್ಟಿನಿಂದಲೇ ಕುಳಿತಿದ್ದಿರಬಹುದು. ಕೇಳುವವರಿರಲಿಲ್ಲ ಅಷ್ಟೆ.

ವಿದ್ಯಾರ್ಥಿಗಳೇ, ಕಾರು ಓಡಿಸುವ ವಯಸ್ಸು ನಿಮಗಿನ್ನೂ ಆಗಿಲ್ಲ. ಆದರೆ ನೋಡುವುದಕ್ಕೆ, ಕೇಳುವುದಕ್ಕೆ ಲೈಸೆನ್ಸ್ ಬೇಕಿಲ್ಲ. ನಿಮ್ಮ ಮನೆಯ ಕಾರು ಸರಿಯಾಗಿರುವಾಗ ಯಾವ ಮುಳ್ಳು ಎಲ್ಲಿರುತ್ತದೆ, ಯಾವ ಸದ್ದು ಹೇಗಿರುತ್ತದೆ ಎಂದು ಗಮನಿಸಿಟ್ಟುಕೊಳ್ಳಿ. ಸರಿಯಾದದ್ದು ಗೊತ್ತಿದ್ದವರಿಗೇ ತಪ್ಪಿದ್ದು ಕಾಣುವುದು. ಪಾಲಕರೇ, ಹಿಂದಿನ ಸೀಟಿನಿಂದ ಒಂದು ಮಾತು ಬಂದರೆ "ನೀನು ಸುಮ್ಮನಿರು" ಎನ್ನುವ ಮೊದಲು ಒಂದು ಕ್ಷಣ ಕೇಳಿಸಿಕೊಳ್ಳಿ.

ಈಗ ನಮ್ಮ ಕಾರಿನ ಡಿಕ್ಕಿಯಲ್ಲಿ ಕೊಡೆ, ನೀರು, ಎಚ್ಚರಿಕೆಯ ತ್ರಿಕೋನ ಇವೆ. ಕಾರು ನಿಂತರೆ ಏನು ಮಾಡಬೇಕೆಂದು ಯುಕೆಜಿಯ ಮಗನನ್ನು ಕೇಳಿದರೂ ಹೇಳುತ್ತಾನೆ: "ಮೊದಲು ರೇಲಿಂಗ್ ಆಚೆ, ಆಮೇಲೆ 112." ಬ್ಯಾಟರಿಯ ಹೆಸರನ್ನು ಅವನು ಎತ್ತುವುದೇ ಇಲ್ಲ.